ಯಾರ ಕಡೆಯ ತುರಿಕೆ

ಆಮಂತ್ರಣ ಪತ್ರಿಕೆಯಲ್ಲಿ ಅವನ ಹೆಸರಿನ ಕೆಳಗೆ ‘ಮಕ್ಕಳ ಚರ್ಮರೋಗಕ್ಕೆ ರಾಮಬಾಣ ಕಂಡುಹಿಡಿದ ನಮ್ಮ ಭಾಗದ ಹೆಮ್ಮೆಯ ವಿಜ್ಞಾನಿ’ ಎಂದು ಅಚ್ಚಾಗಿತ್ತು. ಅಚ್ಚಾಗುವ ಎರಡು ವಾರ ಮೊದಲೇ ಗೌತಮ ಅದನ್ನು ಮೊಬೈಲಿನಲ್ಲಿ ನೋಡಿದ್ದ. ‘ಎಲ್ಲಾ ಸರಿ ಐತೇನು ನೋಡಪಾ’ ಎಂದು ಬೈಲಹೊಂಗಲದ ಕಾಲೇಜಿನ ಪ್ರಾಚಾರ್ಯರು ಕಳಿಸಿದ್ದರು. ಸರಿ ಇರಲಿಲ್ಲ. ಅವನು ಆರು ವರ್ಷ ಕೂತು ಕಂಡುಹಿಡಿದದ್ದು ಇಷ್ಟೇ: ಒಂದು ಬಗೆಯ ಮುಲಾಮು ಹಚ್ಚಿದರೆ ಒಂದು ಬಗೆಯ ಇಲಿಗಳು ಮೊದಲಿಗಿಂತ ಮೂರನೇ ಒಂದು ಪಾಲು ಕಡಿಮೆ ಕೆರೆದುಕೊಳ್ಳುತ್ತವೆ. ಮನುಷ್ಯರಿಗೆ ಹಚ್ಚಿದರೆ ಏನಾಗುತ್ತದೆಂದು ಅವನಿಗೂ ಗೊತ್ತಿರಲಿಲ್ಲ, ಇಲಿಗಳಿಗೂ ಗೊತ್ತಿರಲಿಲ್ಲ. ಇದನ್ನೆಲ್ಲ ತಿದ್ದಿ ಬರೆಯಲು ಹೋದರೆ ಪತ್ರಿಕೆಯಲ್ಲಿ ಅಧ್ಯಕ್ಷರ ಹೆಸರಿಗೆ ಜಾಗ ಸಾಲದೇ ಹೋದೀತು ಎಂಬ ಕಾಳಜಿಯಿಂದ ಅವನು ಕೈಮುಗಿದ ಚಿತ್ರವೊಂದನ್ನು ಕಳಿಸಿ ಸುಮ್ಮನಾಗಿದ್ದ. ಈಗ ಧಾರವಾಡದಿಂದ ಬೈಲಹೊಂಗಲಕ್ಕೆ ಹೊರಟ ಬಸ್ಸಿನಲ್ಲಿ, ಕಿಟಕಿಯ ಪಕ್ಕ, ಆ ಪತ್ರಿಕೆಯನ್ನು ಮೂರನೆಯ ಸಲ ಬಿಚ್ಚಿ ಮಡಚಿದ. ಫೆಬ್ರವರಿ ಇಪ್ಪತ್ತೆಂಟು, ವಿಜ್ಞಾನ ದಿನ. ವರ್ಷಕ್ಕೊಮ್ಮೆ ಕಾಲೇಜುಗಳಿಗೆ ವಿಜ್ಞಾನಿಗಳು ಬೇಕಾಗುವ ದಿನ. ಬಿಸಿಲು ಆಗಲೇ ಏರುತ್ತಿತ್ತು. ಬಸ್ಸಿನಲ್ಲಿ ತುಂಬುತೋಳಿನ ಅಂಗಿಯ ಗುಂಡಿಯನ್ನು ಮುಂಗೈವರೆಗೂ ಹಾಕಿಕೊಂಡು ಕೂತವನು ಅವನೊಬ್ಬನೇ.

ಅವನ ಇಲಿಗಳಿಗೆ ಬಿಸಿಲಿನ ತೊಂದರೆ ಇರಲಿಲ್ಲ. ಸಂಸ್ಥೆಯ ಪ್ರಾಣಿಗೃಹದಲ್ಲಿ ವರ್ಷವಿಡೀ ಇಪ್ಪತ್ತೆರಡು ಡಿಗ್ರಿ, ಸೋಸಿದ ಗಾಳಿ, ಕುದಿಸಿ ಆರಿಸಿದ ನೀರು, ಬೇಸರವಾದರೆ ಹೊಕ್ಕು ಆಡಲು ರಟ್ಟಿನ ಕೊಳವೆ. ಇಷ್ಟೆಲ್ಲ ಉಪಚಾರ ಮಾಡಿ ಅವುಗಳಿಂದ ಬಯಸುತ್ತಿದ್ದದ್ದು ಒಂದೇ, ಅವು ಕೆರೆದುಕೊಳ್ಳಬೇಕು. ಚರ್ಮದ ಹೊರಪದರವನ್ನು ಗಾರೆಯಂತೆ ಬಿಗಿಯಾಗಿ ಹಿಡಿದಿಡುವ ಪ್ರೋಟೀನೊಂದಿದೆ. ಅದನ್ನು ಮಾಡಿಸುವ ವಂಶವಾಹಿಯನ್ನು ಈ ಇಲಿಗಳಲ್ಲಿ ಬೇಕೆಂದೇ ಕೆಡಿಸಲಾಗಿತ್ತು. ಬಿರುಕು ಬಿಟ್ಟ ಗೋಡೆಯೊಳಗೆ ಇರುವೆ ನುಗ್ಗಿದ ಹಾಗೆ ಧೂಳು ಕೊಳೆ ಒಳಗೆ ಹೋಗಿ, ಮೈ ಕೆಂಪಾಗಿ ಉರಿದು, ತಿಂಗಳೊಪ್ಪತ್ತಿನಲ್ಲಿ ಮರಿಗಳು ಕುತ್ತಿಗೆಯನ್ನು ರಕ್ತ ಬರುವವರೆಗೂ ಕೆರೆದುಕೊಳ್ಳುತ್ತಿದ್ದವು. ಎಳೆಮಕ್ಕಳಲ್ಲಿ ಆಗುವುದೂ ಹೆಚ್ಚುಕಡಿಮೆ ಇದೇ. ಗೌತಮನ ಕೆಲಸವೆಂದರೆ ಕ್ಯಾಮರಾದ ಮುಂದೆ ಅವುಗಳನ್ನು ಬಿಟ್ಟು, ಅರ್ಧ ಗಂಟೆಯಲ್ಲಿ ಎಷ್ಟು ಸಲ ಕೆರೆದುಕೊಂಡವು ಎಂದು ಎಣಿಸುವುದು. ಹಿಂಗಾಲು ಎತ್ತಿ ಕೆರೆದು ಕೆಳಗಿಟ್ಟರೆ ಒಂದು. ಆರು ವರ್ಷದಲ್ಲಿ ಆ ವಿದ್ಯೆ ಎಷ್ಟು ಮೈಗಂಟಿತ್ತೆಂದರೆ ಮದುವೆಯ ಪಂಕ್ತಿಯಲ್ಲಿ ಕೂತರೂ ಎದುರಿನವರು ತಲೆ ಕೆರೆದದ್ದನ್ನು ಅವನ ಒಳಗಿನ ಯಾವುದೋ ಗುಮಾಸ್ತ ಎಣಿಸಿಬಿಡುತ್ತಿದ್ದ. ಗಾಯ ಇಷ್ಟಕ್ಕಿಂತ ಹೆಚ್ಚಾದರೆ ಆ ಇಲಿಯನ್ನು ಕರುಣೆಯಿಂದ ಮುಗಿಸಬೇಕೆಂಬ ನಿಯಮವಿತ್ತು. ಕರುಣೆಗೆ ಪ್ರತ್ಯೇಕ ಅರ್ಜಿ ನಮೂನೆ ಇತ್ತು, ಮೂರು ಪ್ರತಿ. ಬೆಂಗಳೂರಿನಿಂದ ಬಂದಿದ್ದ ನಿರ್ದೇಶಕರು ದಿನಾ ಬೆಳಿಗ್ಗೆ ಮೆಟ್ಟಿಲ ಬಳಿ ಸಿಕ್ಕು ‘ತಿಂಡಿ ಆಯ್ತಾ, ಗೌತಮ್?’ ಎಂದು ಕೇಳುತ್ತಿದ್ದರು. ಅವನ ಊರ ಕಡೆ ತಿಂಡಿ ಎಂದರೆ ತುರಿಕೆ. ‘ಆಯ್ತು ಸರ್’ ಎನ್ನುವಾಗ ಪ್ರತಿದಿನವೂ ಅವನ ಮೊಣಕೈ ಒಳಮಡಿಕೆಯಲ್ಲಿ ಸಣ್ಣಗೆ ಏನೋ ಹರಿದಂತಾಗುತ್ತಿತ್ತು.

ಅವನು ಸಣ್ಣವನಿದ್ದಾಗ ಸಾಲಹಳ್ಳಿಯ ಮನೆಯಲ್ಲಿ ಅವ್ವ ರಾಯವ್ವ, ರಾತ್ರಿ ಮೈ ಕೆರೆದುಕೊಳ್ಳದಿರಲೆಂದು, ಅವನ ಎರಡೂ ಕೈಗೆ ಹಳೆಯ ಬನಿಯನ್ನಿನ ಚೀಲ ಹೊಲಿದು ಕಟ್ಟಿ ಮಲಗಿಸುತ್ತಿದ್ದಳು. ಹಲ್ಲಿನಿಂದ ಗಂಟು ಬಿಚ್ಚುವುದನ್ನು ಅವನು ನಾಲ್ಕನೇ ವಯಸ್ಸಿಗೇ ಕಲಿತ. ಹದಿನಾರಕ್ಕೆ ಬಂದಾಗ ರೋಗ ತಾನಾಗಿಯೇ ಬಿಟ್ಟುಹೋಯಿತು. ಅನೇಕರಿಗೆ ಹಾಗೆ ಹೋಗುತ್ತದೆ, ಯಾಕೆಂದು ಯಾರಿಗೂ ಗೊತ್ತಿಲ್ಲ. ಹೋಗುವಾಗ ಮೊಣಕೈ ಮಡಿಕೆಗಳಲ್ಲಿ ಸುಟ್ಟ ರೊಟ್ಟಿಯ ಬಣ್ಣದ ಗುರುತುಗಳನ್ನು ಮಾತ್ರ ಬಿಟ್ಟಿತ್ತು. ಅವನ್ನು ಮುಚ್ಚುವುದಕ್ಕೇ ತುಂಬುತೋಳು. ಏಳು ವರ್ಷದ ಹಿಂದೆ ಮೇ ತಿಂಗಳಿನಲ್ಲಿ ತಂಗಿ ಸ್ನೇಹಲಳನ್ನು ನೋಡಲು ಬೈಲಹೊಂಗಲದಿಂದ ಬೀಗರು ಬಂದಾಗಲೂ ಅವನು ತುಂಬುತೋಳಿನಲ್ಲೇ ಕೂತಿದ್ದ. ಹುಡುಗನ ತಾಯಿ ಶಟ್ಟೆವ್ವ ಚಹಾದ ಬಟ್ಟಲು ಕೆಳಗಿಟ್ಟು, ಎಲ್ಲರನ್ನೂ ಬಿಟ್ಟು ಕಲಿತವನಾದ ಅವನನ್ನೇ ಕೇಳಿದ್ದಳು: ‘ನಿಮ್ಮ ಮನ್ಯಾಗ ಯಾರಿಗರೆ ತೊಗಲಿನ ಬ್ಯಾನಿ ಐತೇನಪಾ?’ ಜೋಳದ ದರ ಕೇಳಿದಷ್ಟು ಸಲೀಸಾಗಿ ಕೇಳಿದ್ದಳು. ಅವನೂ ಅಷ್ಟೇ ಸಲೀಸಾಗಿ ‘ಇಲ್ಲರಿ’ ಎಂದಿದ್ದ. ಅವ್ವ ನೆಲ ನೋಡಿದಳು. ಅಪ್ಪ ದುರ್ಗಪ್ಪ ಕೆಮ್ಮಿದ. ಲಗ್ನ ಗಟ್ಟಿಯಾಯಿತು.

ಸ್ನೇಹಲಳ ಮನೆ ಮಾರುಕಟ್ಟೆಯ ಹಿಂದಿನ ಓಣಿಯಲ್ಲಿ, ಮುಂದೆ ಎರಡು ಕೋಣೆಗೆ ಆರ್‌ಸಿಸಿ, ಹಿಂದಿನ ಅಡುಗೆಮನೆಗೆ ತಗಡು. ಅವಳ ಗಂಡ ಪರಶು ಟಂಟಂ ಗಾಡಿಯಲ್ಲಿ ಈರುಳ್ಳಿ ಹೇರಿಕೊಂಡು ಸವದತ್ತಿಗೆ ಹೋಗಿದ್ದ. ಹೊಸ್ತಿಲಲ್ಲೇ ಕೂತಿದ್ದ ಐದು ವರ್ಷದ ಉಮಾಶ್ರೀ ಮಾಮನನ್ನು ನೋಡಿ ಎದ್ದಳು, ಎದ್ದವಳು ಓಡಿ ಬರದೆ ಮೊದಲು ಮೊಣಕಾಲ ಹಿಂದೆ ಕೈ ಹಾಕಿ ಪರಪರ ಕೆರೆದಳು. ಒಂದು. ಕೆರೆಯುತ್ತಲೇ ನಕ್ಕಳು. ಕುತ್ತಿಗೆಯ ಎರಡೂ ಕಡೆ ಚರ್ಮ ದಪ್ಪಗಾಗಿ ಆನೆಯ ಮೈಯಂತೆ ಗೆರೆ ಬಿದ್ದಿತ್ತು. ಮಡಿಕೆಗಳಲ್ಲಿ ಹಸಿ ಗಾಯ, ಅದರ ಮೇಲೆ ಯಾರೋ ಹೇಳಿದ ಅರಿಶಿನ. ಎರಡು, ಮೂರು. ‘ಮಾಮಾ, ಇವತ್ತ ನಿನಗ ಹಾರ ಹಾಕ್ತಾರಂತ?’ ಎಂದಳು. ಹೌದೆಂದು ಅವಳ ತಲೆ ಸವರಿದ. ತಲೆಯನ್ನೇ ಸವರುವುದು ಅವನಿಗೆ ರೂಢಿ. ಕೂದಲಿರುವ ಜಾಗ ಅದೊಂದೇ ವಾಸಿಯಾಗಿತ್ತು. ಹುಟ್ಟಿದಾಗಿನಿಂದ ಈ ಮಗುವಿನ ರೋಗದ ಬಗ್ಗೆ ಅವನು ಒಟ್ಟು ನಾಲ್ಕು ಪ್ರಬಂಧ ಬರೆದಿದ್ದ, ಅವಳ ಗಾಯವನ್ನು ಮಾತ್ರ ಒಂದು ಸಲವೂ ಮುಟ್ಟಿರಲಿಲ್ಲ.

‘ಬಾರಪಾ ಗೌತಮಾ, ಕುಂಡರು,’ ಎಂದಳು ಶಟ್ಟೆವ್ವ. ಆಗಲೇ ಇಳಕಲ್ ಸೀರೆ ಉಟ್ಟು ತಯಾರಾಗಿದ್ದಳು. ‘ನಮ್ಮ ಬೀಗರ ಸತ್ಕಾರ ಐತಿ ಅಂತ ಓಣಿ ತುಂಬ ಹೇಳೇನಿ. ಔಷಧ ತಂದಿ ಇಲ್ಲೋ? ಎಲ್ಲಾ ಊರಿಗೆ ಕೊಡೂ ಮುಂದ ಮನೀ ಕೂಸಿಗೆ ಕೊಡು.’

‘ಇನ್ನೊಂದಿಷ್ಟು ಕೆಲಸ ಬಾಕಿ ಐತ್ರಿ ಅತ್ತಿ.’

‘ಕಾಗದದಾಗ ಕಂಡು ಹಿಡದಾನ ಅಂತ ಹಾಕ್ಯಾರಲ್ಲ?’

‘ಕಂಡು ಹಿಡದೇನ್ರಿ. ಇನ್ನ ಅದನ್ನ…’ ಅವನಿಗೆ ಕನ್ನಡ ಸಾಲದಾಯಿತು. ಇಂಗ್ಲಿಷಿನಲ್ಲಾದರೂ ಸಾಲುತ್ತಿತ್ತೆಂದಲ್ಲ. ನೀರು ಕುಡಿಯುವ ನೆಪದಿಂದ ಒಳಗೆ ಹೋದ.

ತಗಡಿನ ಕೆಳಗೆ ಒಲೆಯ ಮುಂದೆ ಸ್ನೇಹಲ್ ಬೆವರು ಒರೆಸಿಕೊಳ್ಳುತ್ತಿದ್ದಳು. ಹೊಟ್ಟೆಯಲ್ಲಿ ನಾಲ್ಕು ತಿಂಗಳು. ಅವನ ಇಲಿಗಳ ಕೋಣೆಯಲ್ಲಿ ಇಷ್ಟು ಸೆಕೆಯಾದರೆ ಗಂಟೆ ಬಾರಿಸಿ ಮೂವರು ತಂತ್ರಜ್ಞರು ಓಡಿಬರುತ್ತಿದ್ದರು. ಅವಳು ಬಾಗಿಲ ಕಡೆ ನೋಡಿ ದನಿ ಇಳಿಸಿದಳು. ‘ಅಣ್ಣಾ, ಅಲ್ಲಿ ಸ್ಟೇಜ್ ಮ್ಯಾಲ ಇದು ರಕ್ತದಾಗ ಬರತೈತಿ, ಮನಿತನದಾಗ ಬರತೈತಿ ಅಂತ ಏನೂ ಹೇಳಬ್ಯಾಡ. ಅತ್ತಿ ಮುಂದ ಐದ ವರ್ಷದಿಂದ ನೀರು ಬದಲಾಗಿ ಹಿಂಗ ಆಗೇತಿ ಅಂತ ಹೇಳ್ಕೋತ ಬಂದೇನಿ. ದಿನಾ ಒಂದ ಕೇಳ್ತಾರ, ನಿಮ್ಮ ಕಡೀದೇನ ಇದು, ನಿಮ್ಮ ಕಡೀದೇನ ಅಂತ.’

‘ಹೇಳೂದಿಲ್ಲ ಬಿಡು.’

‘ಆಣಿ?’

‘ಆಣಿ.’

ಅವಳು ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡಳು. ‘ಇದಕ್ಕೂ ಬರತೈತೇನಣ್ಣ?’

‘ಏ, ಇಲ್ಲ. ಸುಮ್ಮ ಚಿಂತಿ ಮಾಡಬ್ಯಾಡ,’ ಎಂದ. ಹೀಗೆ ತಕ್ಷಣ, ಖಚಿತವಾಗಿ, ಅಂಕಿಸಂಖ್ಯೆಯ ಹಂಗಿಲ್ಲದೆ ಉತ್ತರ ಕೊಡುವುದು ವಿಜ್ಞಾನಕ್ಕೆ ಯಾವತ್ತೂ ಸಾಧ್ಯವಾಗಿರಲಿಲ್ಲ.

ಕಾಲೇಜಿನ ಸಭಾಂಗಣದಲ್ಲಿ ಮುನ್ನೂರು ಹುಡುಗ ಹುಡುಗಿಯರು, ಮೂರನೇ ಸಾಲಿನಲ್ಲಿ ಗಣ್ಯರ ಕುರ್ಚಿಗಳ ಹಿಂದೆ ಶಟ್ಟೆವ್ವ, ಸ್ನೇಹಲ್, ನಡುವೆ ಉಮಾಶ್ರೀ. ಮೊದಲು ಹಾರ, ಆಮೇಲೆ ಹಣ್ಣಿನ ಬುಟ್ಟಿ, ಆಮೇಲೆ ಶಾಲು. ಉಣ್ಣೆಯ ಶಾಲು. ಮೂವತ್ತೈದು ಡಿಗ್ರಿ ಬಿಸಿಲಿನಲ್ಲಿ ಒಬ್ಬ ಮನುಷ್ಯನಿಗೆ ಉಣ್ಣೆ ಹೊದಿಸಿ ಗೌರವಿಸುವ ನಾಡು ಬೇರೆಲ್ಲೂ ಇರಲಾರದು. ಕುತ್ತಿಗೆಗೆ ಅದರ ಎಳೆ ತಾಗಿದ ಗಳಿಗೆಯಿಂದ ಹದಿನೆಂಟು ವರ್ಷ ಮಲಗಿದ್ದ ಏನೋ ಎದ್ದು ಕೂತಿತು. ಫೋಟೋ ತೆಗೆಯುವವನು ‘ಇಲ್ಲಿ ನೋಡ್ರಿ ಸರ್’ ಅನ್ನುತ್ತಿದ್ದ. ಗೌತಮ ನೋಡಿದ, ನಕ್ಕ, ಕೆರೆದುಕೊಳ್ಳಲಿಲ್ಲ. ಸೊನ್ನೆ. ಹತ್ತು ನಿಮಿಷವಾಯಿತು, ಸೊನ್ನೆಯೇ. ಈ ಸಾಧನೆಯನ್ನು ಗುರುತಿಸುವವರು ಆ ವೇದಿಕೆಯ ಮೇಲೆ ಯಾರೂ ಇರಲಿಲ್ಲ.

ಪ್ರಾಚಾರ್ಯ ನಿಜಗುಣಪ್ಪನವರು ಮಾತಿಗೆ ನಿಂತರು. ಅವರು ಮೊದಲು ಹೈಸ್ಕೂಲಿನಲ್ಲಿ ಗೌತಮನಿಗೆ ವಿಜ್ಞಾನ ಕಲಿಸಿದವರು, ಬಡ್ತಿ ಸಿಕ್ಕು ಇಲ್ಲಿಗೆ ಬಂದವರು. ಪ್ರೀತಿಯ ಮನುಷ್ಯ. ಪ್ರೀತಿಯಿಂದಲೇ ಹೇಳಿದರು: ‘ಇವ ಸಣ್ಣಾಂವ ಇದ್ದಾಗ ಮೈ ತುಂಬ ಹುಣ್ಣು! ಕೈ ಕಾಲು ಎಲ್ಲಾ ಒಡದು ನೀರು ಸೋರತಿತ್ತು. ಬಾಜೂ ಯಾರೂ ಕುಂಡರತಿರಲಿಲ್ಲ. ಆಗ ನಾ ಏನ ಮಾಡಿದ್ನಿ? ಇರ್ಲಿ, ಕೂಸಿಗೆ ಸೆಕಿ ಆಗಬಾರದು ಅಂತ ಬಾಗಿಲ ಹಂತೇಕ ಗಾಳಿ ಬರೂ ಜಾಗಾ ಕೊಟ್ನಿ. ಇವತ್ತ ನೋಡ್ರಿ, ಅದ ಹುಡುಗ ಅದ ರೋಗಕ್ಕ ರಾಮಬಾಣ ಹುಡಿಕ್ಯಾನ!’

ಚಪ್ಪಾಳೆ ಎದ್ದಿತು. ಬಾಗಿಲ ಹತ್ತಿರದ ಜಾಗ. ಹೌದು, ಗಾಳಿ ಬರುತ್ತಿತ್ತು. ಅದು ತುರಿಕೆಯವನಿಗೆ ಕೊಟ್ಟ ಜಾಗವೋ ಕೇರಿಯಿಂದ ಬಂದವನಿಗೆ ಕೊಟ್ಟ ಜಾಗವೋ ಎಂದು ಆ ಹುಡುಗ ಮೂರು ವರ್ಷ ಅಲ್ಲಿ ಕೂತೇ ಯೋಚಿಸಿದ್ದ. ಅವನ ಮೊದಲ ಸಂಶೋಧನೆ ಅದು. ಎರಡು ಕಾರಣಗಳು ಒಂದೇ ಮೈಯಲ್ಲಿ ಬೆರೆತಿದ್ದರೆ ಒಂದನ್ನು ತೆಗೆದು ನೋಡಬೇಕು, ಅದಕ್ಕೇ ಅಲ್ಲವೇ ವಂಶವಾಹಿ ಕೆಡಿಸಿದ ಇಲಿಗಳನ್ನು ಸಾಕುವುದು. ಅಂಥ ಹೋಲಿಕೆಯ ಮಾದರಿಗಳು ಆ ಕ್ಲಾಸಿನಲ್ಲೇ ಇದ್ದವು. ಕೇರಿಯ ಯುವರಾಜನ ಮೈ ಬೆಣ್ಣೆಯಂತಿತ್ತು, ಅವನೂ ಬಾಗಿಲ ಹತ್ತಿರವೇ ಕೂತಿದ್ದ. ಜಮೀನುದಾರರ ಮನೆಯ ಕಲ್ಮೇಶನಿಗೆ ಕಿವಿಯಿಂದ ಹೆಗಲವರೆಗೆ ಗಜಕರ್ಣ, ಅವನು ಎರಡನೇ ಸಾಲಿನ ನಡುವೆ ಫ್ಯಾನಿನ ಕೆಳಗಿದ್ದ. ಫಲಿತಾಂಶ ಎಂಟನೇ ಇಯತ್ತೆಯಲ್ಲೇ ಬಂದಿತ್ತು. ಆದರೆ ಎರಡೇ ಮಾದರಿಗಳಿಂದ ತೀರ್ಮಾನಕ್ಕೆ ಬರಬಾರದೆಂದು ಗೌತಮ ಇಷ್ಟು ವರ್ಷ ತನಗೆ ತಾನೇ ಎಚ್ಚರಿಕೆ ಹೇಳಿಕೊಂಡು ಬಂದಿದ್ದ. ಈಗಲೂ ಹೇಳಿಕೊಂಡ, ಎದ್ದು ಗುರುಗಳ ಕಾಲು ಮುಟ್ಟಿದ. ತಲೆ ಎತ್ತಿದಾಗ ಮೂರನೇ ಸಾಲು ಕಣ್ಣಿಗೆ ಬಿತ್ತು. ಶಟ್ಟೆವ್ವನ ಎರಡು ಕೈಗಳು ಚಪ್ಪಾಳೆಯ ನಡುವೆ ಒಂದಕ್ಕೊಂದು ಗೇಣು ದೂರದಲ್ಲಿ ನಿಂತುಬಿಟ್ಟಿದ್ದವು. ಸ್ನೇಹಲ್ ಮಗಳ ಕೂದಲಿನಲ್ಲಿ ಮುಖ ಹುದುಗಿಸಿದ್ದಳು.

ಆಣೆಯೊಂದು ಉಳಿದಿತ್ತು. ವಂಶವಾಹಿ ಬದಲಿಸಿದ ಇಲಿಗಳ ಬಗ್ಗೆ ವಂಶವಾಹಿ ಎಂಬ ಪದ ಬಳಸದೆ ಇಪ್ಪತ್ತು ನಿಮಿಷ ಮಾತಾಡಬೇಕು. ‘ಒಳಗಿನ ಒಂದು ಕಾರಣ’ ಎಂದ. ‘ಒಂದು ವಿಶೇಷ ಬಗೆಯ ಇಲಿ’ ಎಂದ. ಪರದೆಯ ಮೇಲೆ ಕಿವಿ ಹರಿದ, ಕುತ್ತಿಗೆ ಬೋಳಾದ ಇನ್ನೂರ ಹನ್ನೆರಡನೇ ನಂಬರಿನ ಇಲಿಯ ಚಿತ್ರ ಬಂದಾಗ ಹುಡುಗಿಯರು ಅಯ್ಯೋ ಎಂದರು. ಆ ‘ಅಯ್ಯೋ’ ಇಲಿಗೆ ಸಂದದ್ದು, ಮೂರನೇ ಸಾಲಿನ ಕಡೆ ಯಾರೂ ತಿರುಗಲಿಲ್ಲ. ಕೊನೆಗೆ ಎರಡು ಜಡೆಯ ಹುಡುಗಿಯೊಬ್ಬಳು ಎದ್ದು ನಿಂತಳು.

‘ಸರ್, ಆ ಇಲಿಗಿ ರೋಗ ನೀವ ಹಚ್ಚೀರೇನ್ರಿ?’

‘ಹಚ್ಚಿದ್ದಲ್ಲಮ್ಮ. ಅದು ಹುಟ್ಟುವಾಗಲೇ…’

‘ಹುಟ್ಟುವಾಗ ಅಂದ್ರ ಅಪ್ಪ ಅವ್ವನಿಂದ ಬರತೈತೇನ್ರಿ?’

‘ಕೆಲವೊಮ್ಮೆ,’ ಎಂದ ಗೌತಮ.

‘ಹಂಗಾರ ನಿಮಗ ಯಾರಿಂದ ಬಂತ್ರಿ?’

ಮೇಷ್ಟರೊಬ್ಬರು ಕಣ್ಣು ಬಿಟ್ಟು ಅವಳನ್ನು ಕೂರಿಸಿದರು. ಒಳ್ಳೆಯ ಪ್ರಶ್ನೆ ಕೇಳಿದ ವಿದ್ಯಾರ್ಥಿಗಳಿಗೆ ಈ ದೇಶದಲ್ಲಿ ತಕ್ಷಣ ಸಿಗುವ ಮನ್ನಣೆ ಅದು. ಔಷಧ ಅಂಗಡಿಗೆ ಯಾವಾಗ ಬರುತ್ತದೆ ಎಂದು ಅಧ್ಯಕ್ಷರು ಕೇಳಿದರು. ‘ಶೀಘ್ರದಲ್ಲೇ’ ಎಂದ. ಮತ್ತೆ ಚಪ್ಪಾಳೆ. ವಂದನಾರ್ಪಣೆ. ಉಪ್ಪಿಟ್ಟು.

ಮನೆಗೆ ಬಂದ ಮೇಲೆ ಶಟ್ಟೆವ್ವ ಇಳಕಲ್ ಸೀರೆ ಬಿಚ್ಚಿ, ಮಡಿಕೆ ಮೇಲೆ ಮಡಿಕೆ ಕೂರಿಸಿ ಪೆಟ್ಟಿಗೆಯಲ್ಲಿಟ್ಟು, ಹಳೆಯ ಸೀರೆ ಉಟ್ಟು ಬಂದು ಊಟಕ್ಕೆ ಬಡಿಸಿದಳು. ರೊಟ್ಟಿ, ಬದನೆಕಾಯಿ, ಶೇಂಗಾ ಚಟ್ನಿ, ಅತಿಥಿಗೆಂದು ಮಾಡಿದ್ದ ಹೋಳಿಗೆ. ಯಾವುದಕ್ಕೂ ಕೊರತೆ ಮಾಡಲಿಲ್ಲ. ‘ಇನ್ನೊಂದು ಹಾಕ್ಲೇನು’ ಎಂದು ಕೇಳಲಿಲ್ಲ, ಅಷ್ಟೇ. ಗೌತಮ ತಲೆ ಬಗ್ಗಿಸಿ ಉಂಡ. ಉಮಾಶ್ರೀ ಗೋಡೆಗೆ ಬೆನ್ನು ತಿಕ್ಕುತ್ತಿದ್ದಳು. ಅದನ್ನು ಹೇಗೆ ಎಣಿಸಬೇಕೆಂಬುದಕ್ಕೆ ಅವನ ಪದ್ಧತಿಯಲ್ಲಿ ನಿಯಮವಿರಲಿಲ್ಲ. ಅವನು ಕೈ ತೊಳೆದು ಬಂದು ಕೂತ ಮೇಲೆ ಶಟ್ಟೆವ್ವ ಎದುರಿಗೆ ಕೂತಳು.

‘ಮದವಿ ಮಾತಾಡಾಕ ನಿಮ್ಮೂರಿಗೆ ಬಂದಾಗ ನಾ ನಿನ್ನ ಒಂದ ಮಾತು ಕೇಳಿದ್ನಿ. ನೆನಪೈತಿ?’

‘ಐತ್ರಿ ಅತ್ತಿ.’

‘ನೀ ಏನಂದಿ?’

‘ಇಲ್ಲ ಅಂದ್ನಿ.’

‘ಕಲತಾಂವ ಅಂತ ನಿನ್ನ ಕೇಳಿದ್ನಿ ನಾನು. ಕಲೀದಾವ್ರು ಸುಳ್ಳು ಹೇಳ್ತಾರ ಅಂತ.’

‘ಅವಂದೊಬ್ಬಂದ ತಪ್ಪಲ್ರಿ,’ ಎಂದಳು ಬಾಗಿಲಲ್ಲಿ ನಿಂತ ಸ್ನೇಹಲ್. ‘ನನಗೂ ಗೊತ್ತಿತ್ತು. ನಾನೂ ಸುಮ್ಮನಿದ್ನಿ.’

ಶಟ್ಟೆವ್ವ ಅವಳ ಮುಖ ನೋಡಲಿಲ್ಲ, ಹೊಟ್ಟೆ ನೋಡಿದಳು. ‘ಐದ ವರ್ಷ ನೀರು ನೀರು ಅಂದಿ. ಓಣ್ಯಾಗ ಎಲ್ಲಾರೂ ಅದ ನೀರ ಕುಡೀತಾರ, ಯಾರ ಮನೀ ಕೂಸಿಗೆ ಹಿಂಗ ಆಗೇತಿ? ನಿಮ್ಮ ಮನಿತನದ ಹೊಲಸು ತಂದು ನನ್ನ ಮಗನ ಮನಿಗೆ ಹಾಕಿದ್ರಿ. ಇನ್ನೊಂದ ಹೊಟ್ಟ್ಯಾಗ ಕುಂತೈತಿ. ಅದಕ್ಕೂ ಇದನ್ನ ಕೊಡೂದು, ಅದೂ ದಿನಾ ರಾತ್ರಿ ಚೀರೂದು. ನೋಡೂ ಶಕ್ತಿ ನನಗಿಲ್ಲ.’

ಹೊಲಸು ಎಂಬ ಪದ ಬಂದು ಗೌತಮನ ಕುತ್ತಿಗೆಗೆ ತಾಗಿತು, ಶಾಲು ತಾಗಿದ ಜಾಗಕ್ಕೇ. ಅವನ ಬಳಿ ಒಂದು ಆಯುಧವಿತ್ತು. ಬಹಳ ದಿನಗಳಿಂದ ಇತ್ತು. ಮೊದಲ ವರ್ಷ, ಉಮಾಶ್ರೀಯ ತೊಟ್ಟಿಲ ಕಾರ್ಯಕ್ಕೆ ಬಂದಾಗ, ನೀರಿನ ತಂಬಿಗೆ ಕೊಟ್ಟ ಈ ಹೆಂಗಸಿನ ಅಂಗೈ ನೋಡಿದ್ದ. ಗೆರೆಗಳು ಒಂದಕ್ಕೆರಡಾಗಿ, ಆಳವಾಗಿ, ಬಿರುಕು ಬಿಟ್ಟ ಎರೆಹೊಲದಂತೆ ಹರಡಿದ್ದವು. ಸೀರೆ ಎತ್ತಿಕಟ್ಟಿ ಅಂಗಳ ಸಾರಿಸುವಾಗ ಮೊಣಕಾಲ ಕೆಳಗೆ ಮೀನಿನ ಪರೆಯಂತೆ ಸಿಪ್ಪೆ ಎದ್ದ ಚರ್ಮವನ್ನೂ ನೋಡಿದ್ದ. ಯಾವ ಪರೀಕ್ಷೆಯೂ ಬೇಕಿರಲಿಲ್ಲ, ವೃತ್ತಿಯವನಿಗೆ ಅದು ಬೋರ್ಡು ಬರೆದಷ್ಟು ಸ್ಪಷ್ಟ. ಹೇಳಲು ಹೋದರೆ ವಂಶದ ಮಾತು ತೆಗೆಯಬೇಕು, ತೆಗೆದರೆ ತನ್ನ ತೋಳು ಬಿಚ್ಚಬೇಕು ಎಂದು ಐದು ವರ್ಷ ಅದನ್ನು ಒರೆಯಲ್ಲಿಟ್ಟಿದ್ದ. ಈಗ ಬಿಚ್ಚುವುದೇನೂ ಉಳಿದಿರಲಿಲ್ಲ.

‘ನಿಮ್ಮ ಕೈ ತೋರಸ್ರಿ ಅತ್ತಿ.’

‘ಯಾಕ?’

‘ತೋರಸ್ರಿ.’

ಅವಳು ಚಾಚಿದಳು. ಅವನು ಅಂಗೈಯನ್ನು ಬೆಳಕಿಗೆ ತಿರುಗಿಸಿ ಹಿಡಿದು, ಬೆಳಿಗ್ಗೆ ವೇದಿಕೆಯ ಮೇಲೆ ಆಗದ ಭಾಷಣವನ್ನು ಈಗ ಮಾಡಿದ. ಈ ಗೆರೆಗಳು ಎಲ್ಲರಿಗೂ ಇರುವುದಿಲ್ಲ. ನಿಮ್ಮ ಕಾಲಿನ ಚರ್ಮ ಚಳಿಗಾಲದಲ್ಲಿ ಸಿಪ್ಪೆ ಏಳುತ್ತದಲ್ಲವೇ, ಸಣ್ಣಂದಿನಿಂದ ಹಾಗೇ ಅಲ್ಲವೇ, ನಿಮ್ಮ ತಾಯಿಗೂ ಹಾಗೇ ಇತ್ತಲ್ಲವೇ. ಇದು ಅದೇ, ನಿಮ್ಮ ಮೊಮ್ಮಗಳು ಉಮಿಗಿರುವ ಅದೇ, ನಿಮ್ಮಲ್ಲಿ ಮಲಗಿದೆ, ಅವಳಲ್ಲಿ ಎದ್ದಿದೆ. ನಮ್ಮ ಕಡೆಯಿಂದ ಒಂದು ಪಾಲು ಬಂದಿದ್ದರೆ ನಿಮ್ಮ ಕಡೆಯಿಂದ ಒಂದು ಪಾಲು ಬಂದಿದೆ. ಇಲಿಗಳಲ್ಲಿ ಸಾವಿರ ಸಲ ನೋಡಿದ್ದೇನೆ. ಪದಗಳು ತಾವೇ ಸಾಲು ಹಿಡಿದು ಬಂದವು. ಆ ದಿನ ಅವನು ಆಡಿದ ಮೊದಲ ಸಂಪೂರ್ಣ ನಿಜ ಅದು. ಎಷ್ಟು ಸುಖವಾಗಿತ್ತೆಂದರೆ ಅದರ ಕೊನೆಗೆ ಚಪ್ಪಾಳೆಗಾಗಿ ಕಿವಿ ತಾನಾಗಿಯೇ ನಿಮಿರಿತು.

ಶಟ್ಟೆವ್ವ ಕೈ ಹಿಂದೆ ತೆಗೆದುಕೊಳ್ಳಲಿಲ್ಲ. ಅದನ್ನು ಬೇರೆ ಯಾರದೋ ಕೈಯೆಂಬಂತೆ ನೋಡುತ್ತಿದ್ದಳು.

‘ಇದು ಮೊದಲಿಂದ ನನ್ನ ಮೈಯಾಗ ಇತ್ತು ಅಂತಿ?’

‘ಹೌದ್ರಿ.’

‘ಹುಟ್ಟಿದಾಗಿಂದ?’

‘ಹುಟ್ಟಿದಾಗಿಂದ್ರಿ.’

‘ಹಂಗಾರ ಸುಭಾಸಗೂ ನಾನ ಕೊಟ್ನೇನು?’

ಗೌತಮ ಸ್ನೇಹಲಳ ಕಡೆ ನೋಡಿದ. ಅವಳು ಗೊತ್ತಿಲ್ಲವೆಂದು ತಲೆಯಾಡಿಸಿದಳು. ‘ಸುಭಾಸ ಯಾರ್ರಿ?’ ಎಂದು ಕೇಳಿದ.

‘ಪರಶುನ ಮುಂಚೆ ಹುಟ್ಟಿದಾಂವ.’ ಅವಳ ದನಿಯಲ್ಲಿ ಜಗಳ ಉಳಿದಿರಲಿಲ್ಲ. ‘ಹಿಂಗ ಇತ್ತು ಮೈ. ಉಮಿಗಿಂತ ಜಾಸ್ತಿ. ಎತ್ತಿಕೊಂಡ್ರ ಉಟ್ಟ ಅರಬಿಗೆ ಅಂಟತಿತ್ತು. ನಮ್ಮ ಅತ್ತಿ ನಿನ್ನ ಮೈಯಾನ ಉರಿ ಹಾಲಿಗೆ ಇಳದೈತಿ, ಹಾಲು ಕುಡಸಬ್ಯಾಡ ಅಂದ್ಲು. ನಿನ್ನ ತವರ ಮನಿ ಹೊಲಸು ಅಂದ್ಲು. ನಾ ಇಲ್ಲ ಅಂತ ಜಗಳಾಡಿದ್ನಿ, ನಮ್ಮವ್ವಗ ನನಗ ಏನೂ ಇಲ್ಲ ಅಂತ. ಆದ್ರೂ ಮನ್ಯಾಗ ನನ್ನ ಮಾತು ಯಾರ ಕೇಳಬೇಕು, ಹಾಲು ಬಿಡಿಸಿದ್ರು. ಗಾಯ ಎಲ್ಲಾ ಕೀವು ತುಂಬಿ ಜ್ವರ ಬಂತು. ವರ್ಷ ಒಂದೂವರಿ ಆಗಿತ್ತು. ನಲವತ್ತ ವರ್ಷ ಆತು, ನಂದಲ್ಲ, ನನ್ನಿಂದ ಅಲ್ಲ, ಆಕಿ ಸುಳ್ಳ ಹೇಳಿದ್ಲು ಅಂತ ಅನಕೋತ ಬಂದೇನಿ.’ ಅವಳು ಅಂಗೈ ಮುಚ್ಚಿದಳು. ‘ಈ ಹುಡುಗಿ ಹುಟ್ಟಿ ಮೈ ಕೆಂಪಾದ ದಿನಾ ನನಗ ಎದಿ ಒಡದಿತ್ತು. ಮತ್ತ ಬಂತಲ್ಲಪಾ ಅಂತ. ಇವರ ಕಡೀದು ಇದ್ದರ ಸಾಕು, ಇವರ ಕಡೀದ ಇರಲಿ ಅಂತ ದಿನಾ ಕೇಳತಿದ್ನಿ.’

ತಗಡು ಬಿಸಿಗೆ ಟಕ್ ಎಂದಿತು. ಗೌತಮನಿಗೆ ಈಗ ಹೇಳಿದ್ದನ್ನು ಹಿಂದಕ್ಕೆ ತೆಗೆದುಕೊಳ್ಳಬೇಕೆನಿಸಿತು. ಸುಳ್ಳನ್ನು ಹಿಂದಕ್ಕೆ ಪಡೆಯುವ ದಾರಿಗಳು ಗೊತ್ತಿದ್ದವು. ನಿಜವನ್ನು ಹಿಂದಕ್ಕೆ ಪಡೆಯಲು ಅರ್ಜಿ ನಮೂನೆ ಯಾವುದೂ ಇರಲಿಲ್ಲ. ‘ಕೊಡೂದಲ್ರಿ ಅತ್ತಿ ಅದು,’ ಎಂದ. ‘ಕೊಡೂದು ಅಂದ್ರ ಬೇಕಂತ ಕೊಡೂದು. ಇದು ಹಂಗಲ್ಲ. ಹಾಲಿನಿಂದ ಅಲ್ಲ, ಉರಿಯಿಂದ ಅಲ್ಲ. ಹಾಲು ಕುಡಸಿದ್ರೂ ಏನೂ ಆಗತಿರಲಿಲ್ಲ, ಕೂಸಿಗೆ ಚಲೋನ ಆಗತಿತ್ತು.’ ಹೇಳಿದ ಮೇಲೆ, ಇದರಿಂದ ಸಮಾಧಾನವಾಗುತ್ತದೋ ಇನ್ನಷ್ಟು ಗಾಯವಾಗುತ್ತದೋ ತಿಳಿಯದೆ ಹೋಯಿತು. ಕೈಗೆ ಏನಾದರೂ ಕೆಲಸ ಬೇಕಿತ್ತು. ಉಮಾಶ್ರೀ ಚಿತ್ರ ಬರೆಯುವ ಪುಸ್ತಕ ನೆಲದ ಮೇಲೆ ಬಿದ್ದಿತ್ತು; ಅದರಲ್ಲೊಂದು ಖಾಲಿ ಹಾಳೆ ತೆರೆದು, ಜೇಬಿನ ಪೆನ್ನು ತೆಗೆದು, ಇಲಿಗಳ ಸಂತತಿಗೆ ಬರೆದಿಡುವಂಥ ವಂಶವೃಕ್ಷವನ್ನೇ ಬರೆಯತೊಡಗಿದ.

‘ನೋಡ್ರಿ. ಗಂಡಸಾದ್ರ ಚೌಕ, ಹೆಂಗಸಾದ್ರ ದುಂಡ. ಇದು ನೀವು. ಇದು ನಿಮ್ಮ ಮನಿಯವ್ರು. ಇಲ್ಲಿ ನಮ್ಮವ್ವ ರಾಯವ್ವ, ಇಲ್ಲಿ ನಮ್ಮಪ್ಪ. ಬ್ಯಾನಿ ಇದ್ದವರಿಗೆ ಒಳಗ ಬಣ್ಣ ತುಂಬೂದು.’ ಮೊದಲು ತನ್ನ ಚೌಕ ಬರೆದು ಅದರಲ್ಲಿ ಬಣ್ಣ ತುಂಬಿದ. ತುಂಬುವಾಗ ಅಂಗಿಯ ತೋಳು ಅಡ್ಡಿಯಾಯಿತು, ಮೊಣಕೈ ಮೇಲಕ್ಕೆ ಸುತ್ತಿಕೊಂಡ. ಉಮಾಶ್ರೀ ಹತ್ತಿರ ಬಂದು ಅಲ್ಲಿನ ಕಪ್ಪು ಗುರುತನ್ನು ಬೆರಳಿನಿಂದ ಮುಟ್ಟಿ, ‘ಮಾಮಾ, ಇಲ್ಲಿ ನಿನಗೂ ತಿಂಡಿ ಬಿಡತಿತ್ತಾ?’ ಎಂದಳು. ‘ಬಾಳ’ ಎಂದ. ಅವಳು ತೊಡೆಯ ಮೇಲೆ ಹತ್ತಿ ಕೂತಳು. ಅವಳ ಮೊಣಕಾಲಿನ ಹಸಿ ಗಾಯ ಅವನ ಪ್ಯಾಂಟಿಗೆ ಒತ್ತಿತು. ‘ಪ್ರತಿ ಸಲ ಕೂಸು ಆಗುವಾಗ ನಾಣ್ಯ ಎತ್ತಿ ಹಾಕಿದಂಗ್ರಿ. ಯಾರ ಕೈಯಾಗೂ ಇಲ್ಲ. ನಿಮ್ಮ ಕೈಯಾಗೂ ಇರಲಿಲ್ಲ, ನಮ್ಮ ಸ್ನೇಹಾನ ಕೈಯಾಗೂ ಇಲ್ಲ.’

ಸ್ನೇಹಲ್ ಬಂದು ಬಗ್ಗಿ ನೋಡಿದಳು. ತನ್ನ ದುಂಡದಿಂದ ಇಳಿದ ಗೆರೆಯ ಕೊನೆಗೆ ಉಮಿಯ ಪಕ್ಕ ಇನ್ನೊಂದು ಆಕಾರವಿತ್ತು, ಮೂಲೆ ಮೇಲೆ ನಿಲ್ಲಿಸಿದ ಚೌಕ. ‘ಇದ್ಯಾರು?’

‘ಇನ್ನ ಹುಟ್ಟಲಾರದ್ದು.’

‘ಇದಕ್ಕ ಬಣ್ಣ ಹಾಕ್ತೀಯೋ ಬಿಡ್ತೀಯೋ?’

‘ಗೊತ್ತಿಲ್ಲ ಸ್ನೇಹಾ,’ ಎಂದ. ‘ಮುಂಜಾನಿ ನಿನಗ ಸುಳ್ಳು ಹೇಳಿದ್ನಿ. ಬರಬಹುದು, ಬರದೆಯೂ ಇರಬಹುದು. ಬಂದ್ರ ಹುಟ್ಟಿದ ದಿನದಿಂದ ಮೈ ಒಣಗದಂಗ ನೋಡಿಕೋಬೇಕು, ಕೀವು ಆಗದಂಗ ನೋಡಿಕೋಬೇಕು. ಅದನ್ನ ನಾ ಬಂದು ಮಾಡಿ ತೋರಸ್ತೇನಿ. ನನ್ನ ಮುಲಾಮು ಅಂತ ಏನೂ ಇಲ್ಲ. ಇದ್ದದ್ದು ಇಲಿಗೆ ಅಷ್ಟ.’ ಅವಳು ಬೈಯುತ್ತಾಳೆಂದು ಕಾದ. ಅವಳು ಉಸಿರು ಬಿಟ್ಟು ಅವನ ಪಕ್ಕದಲ್ಲೇ ನೆಲಕ್ಕೆ ಕೂತಳು.

ಅಷ್ಟು ಹೊತ್ತೂ ಶಟ್ಟೆವ್ವ ಹಾಳೆಯನ್ನೇ ನೋಡುತ್ತಿದ್ದಳು. ‘ಸುಭಾಸನ್ನ ಎಲ್ಲಿ ಹಾಕತಿ?’

‘ಇಲ್ಲಿರಿ. ಪರಶುನ ಎಡಕ್ಕ. ಹಿರಿಯಾಂವ ಮೊದಲ ಬರತಾನ.’ ಚೌಕ ಬರೆದ. ಬಣ್ಣ ತುಂಬಿದ. ಆಮೇಲೆ ಮೂಲೆಯಿಂದ ಮೂಲೆಗೆ ಎಳೆಯಬೇಕೆಂದು ಪೆನ್ನು ಎತ್ತಿದ.

‘ಇನ್ನೇನೈತಿ?’

‘ತೀರಿಕೊಂಡವರ ಮ್ಯಾಲ ಒಂದು ಅಡ್ಡ ಗೆರಿ ಎಳೀತೇವ್ರಿ ಅತ್ತಿ. ಎಲ್ಲಾ ಕಡೆ ಅದ ಪದ್ಧತಿ.’

‘ಎಳೀಬ್ಯಾಡ.’

ತಪ್ಪಾಗುತ್ತದೆ ಎಂದು ಅವನ ಬಾಯಿಗೆ ಬಂದಿತ್ತು. ಆರು ವರ್ಷದಲ್ಲಿ ನೂರಾರು ಚೌಕ, ನೂರಾರು ದುಂಡಗಳ ಮೇಲೆ ಆ ಗೆರೆ ಎಳೆದಿದ್ದ, ಒಂದನ್ನೂ ಬಿಟ್ಟಿರಲಿಲ್ಲ. ಪೆನ್ನು ಕೆಳಗಿಟ್ಟ.

‘ಹೆಸರು ಬರಿ ಅದರ ಬುಡಕ,’ ಎಂದಳು.

ಬರೆದ. ಅವಳಿಗೆ ಓದಲು ಬರುತ್ತಿರಲಿಲ್ಲ. ‘ಎಲ್ಲಿಂದ ಎಲ್ಲಿತನಕ ಐತಿ ಅವನ ಹೆಸರು?’ ಎಂದು ಕೇಳಿದಳು. ಗೌತಮ ಅವಳ ತೋರುಬೆರಳು ಹಿಡಿದು ಮೊದಲ ಅಕ್ಷರದ ಮೇಲಿಟ್ಟ; ಅಲ್ಲಿಂದ ಅವಳು ತಾನೇ, ಎಲ್ಲೂ ಒತ್ತದೆ, ಕೊನೆಯ ಅಕ್ಷರದವರೆಗೆ ಸವರಿಕೊಂಡು ಹೋದಳು.